ಆಟಿ, ಆಟ

ಕೈಪಿಡಿಯ ಜೆರಾಕ್ಸಿಗೆ ಹನ್ನೊಂದನೇ ಪುಟವಿರಲಿಲ್ಲ.
ಉಳಿದದ್ದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ:
ಯಾವ ಆಜ್ಞೆಗೂ ಮೊದಲು ಎ, ಟಿ.
ಇಲ್ಲಿ ಕೇಳು, ಎಂದು ಕರೆದು ಆಮೇಲೆ ಮಾತು.
ನಮ್ಮ ಮ್ಯಾನೇಜರ್ ಉಪೇಂದ್ರ ಕಿಣಿಯವರು
ಅಷ್ಟು ಮರ್ಯಾದೆ ಮನುಷ್ಯರಿಗೂ ಕೊಟ್ಟವರಲ್ಲ.

ಮಲ್ಪೆ ಶಾಖೆ. ಆಟಿ ತಿಂಗಳು.
ಬೋಟುಗಳು ದಡದಲ್ಲಿ ಮಡಲು ಹೊದ್ದು ಮಲಗಿದ್ದವು,
ಐಸ್ ಪ್ಲಾಂಟುಗಳಿಗೆ ಬೀಗ.
ಮಂಜುಗಡ್ಡೆ ಅರೆಯುವ ಸದ್ದು ಉಳಿದದ್ದು
ನನ್ನ ಮೇಜಿನ ಮೇಲೆ ಮಾತ್ರ,
ರಾತ್ರಿ ಎಂಟೂವರೆಗೆ, ಪಾಸ್‌ಬುಕ್ಕು ಅಗಲದ ಆ ಪೆಟ್ಟಿಗೆಯಲ್ಲಿ.
"ಅದರ ಬಾಯಿ ಮುಚ್ಚಿಸು ಮಾರಾಯ್ತಿ" ಎನ್ನುತ್ತಿದ್ದರು ಕಿಣಿ.
ಮುಚ್ಚಿಸುವುದಕ್ಕೆ ಎಟಿಎಂ ಸೊನ್ನೆ.
ಎಟಿಎಂ ಎಂದರೆ ಆಗ ನಮಗೆ ದುಡ್ಡಲ್ಲ, ಸದ್ದು.
ನಾನು ಒಂದಕ್ಕೇ ಇಟ್ಟೆ. ಕೇಳಿಸಲಿ.

ಡಿ ಅಂದರೆ ಡಯಲು. ಪಿ ಅಂದರೆ
ನಮ್ಮ ಎಕ್ಸ್‌ಚೇಂಜಿಗೆ ಇನ್ನೂ ರಾಗ ಬಾರದು, ಎಣಿಸಿ ಕುಟ್ಟು.
ಸೊನ್ನೆ ಎಂಟು ಎರಡು ನಾಲ್ಕು, ಅಲ್ಪವಿರಾಮ.
ಇಲ್ಲಿ ಅಲ್ಪವಿರಾಮಕ್ಕೆ ಎರಡು ಸೆಕೆಂಡು;
ಏಳನೇ ಕ್ಲಾಸಿನ ಗುಲಾಬಿ ಟೀಚರು ಒಂದೇ ಕೊಟ್ಟಿದ್ದರು.

ಅತ್ತ ಕೊಡಿಯಾಲಬೈಲಿನ ಹೆಡ್ಡಾಫೀಸಿನಲ್ಲಿ ಜೆಸಿಂತಾ ಪಾಯ್ಸ್.
ನಾನು ಅವಳನ್ನು ನೋಡಿದವಳಲ್ಲ.
ರಿಂಗಾದಾಗ ಅವಳು ಒತ್ತಬೇಕಾದದ್ದು ಎ, ಟಿ, ಎ:
ಇದ್ದೇನೆ, ಬಾ.
ಕೂಡಿಸಿ ಓದು, ಆಟ.
ಮೇಳಗಳು ಗೆಜ್ಜೆ ಬಿಚ್ಚಿಟ್ಟ ಮಳೆಗಾಲದಲ್ಲೂ
ನಮ್ಮಿಬ್ಬರದು ದಿನಾ ರಾತ್ರಿ ಆಟ.
ಯಾರು ನೀನು, ಎಂದು ಪೆಟ್ಟಿಗೆಯನ್ನು ಕೇಳುವುದಕ್ಕೆ ಎ, ಟಿ, ಐ.
ಅದು ಆಟಿ.
ಕೇಳಿದರೆ ತನ್ನ ವೇಗ ಹೇಳುತ್ತದೆ, ಹೆಸರು ಹೇಳುವುದಿಲ್ಲ.

ಸೀಸನ್ನಿನಲ್ಲಿ ಲೆಕ್ಕ ಹೋಗಲು ಹನ್ನೆರಡು ನಿಮಿಷ,
ಆಟಿಯಲ್ಲಿ ನಾಲ್ಕು.
ಉಳಿದ ಎಂಟರ ಬಿಲ್ಲು ಬ್ಯಾಂಕಿನದು, ಮಾತು ನಮ್ಮದು,
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ಊಟ ಆಯ್ತಾ. ತಿಮರೆ ಚಟ್ನಿ. ನಿಮ್ಮಲ್ಲಿ ಕರೆಂಟುಂಟಾ.
ನಾನು ಒತ್ತಿದ್ದು ನನ್ನ ಪರದೆಯಲ್ಲಿ ಮೂಡುತ್ತಿರಲಿಲ್ಲ,
ಅವಳದ್ದರಲ್ಲಿ ಮಾತ್ರ.
ಅಲೆ ಜೋರು, ಎಂದು ಬರೆದದ್ದು
ಕಲ್ಮಾಡಿಯ ಹತ್ತಿರ ಎಲ್ಲೋ ನೀರು ಕುಡಿದು
ಒಂದಕ್ಷರ ಕಳಚಿ, ಅಳು ಜೋರು, ಎಂದು ತಲುಪಿತು.
ಎಂತಕ್ಕೆ ಅಳುವುದು ನೀನು, ಎಂದು ಬಂತು ಉತ್ತರ.
ಏನಿಲ್ಲ, ಎಂದು ಬರೆಯಲು ನನಗೆ ತಡವಾಯಿತು.

ಲೈನಿನ ಮೇಲಿರುವಾಗ ಪೆಟ್ಟಿಗೆಯನ್ನೇ ಮಾತಾಡಿಸಬೇಕಿದ್ದರೆ
ಒಂದು ಸೆಕೆಂಡು ಸುಮ್ಮನಿರಬೇಕು, ಮೂರು ಪ್ಲಸ್ಸು,
ಮತ್ತೆ ಒಂದು ಸೆಕೆಂಡು ಸುಮ್ಮನಿರಬೇಕು.
ಎರಡೂ ಕಡೆ ಮೌನವಿಲ್ಲದಿದ್ದರೆ ಅದು ಬರೀ ಮೂರು ಪ್ಲಸ್ಸು,
ಲೆಕ್ಕದ ಜೊತೆ ಮಂಗಳೂರಿಗೆ ಹೋಗಿಬಿಡುತ್ತದೆ.
ಮೂರು ಶಿಲುಬೆ, ಎಂದಿದ್ದಳು ಜೆಸಿಂತಾ ಒಮ್ಮೆ ಫೋನಿನಲ್ಲಿ,
ನಡುವಿನದ್ದು ಯಾರದ್ದೆಂದು ಗೊತ್ತುಂಟಲ್ಲ.

ಆಗಸ್ಟಿನ ಹತ್ತೋ ಹನ್ನೊಂದೋ.
ನಾಳೆಯಿಂದ ನಾ
ಅಷ್ಟೇ ಬಂತು. ಕೆಳಗೆ, ನೋ ಕ್ಯಾರಿಯರ್.
ಓದಿ ಹೇಳಿದರೆ ಕಿಣಿಯವರು ಊಟದ ಡಬ್ಬಿ ಹುಡುಕಿದರು.
ಹಿಂದಿನ ಆಜ್ಞೆಯನ್ನೇ ಮತ್ತೆ ಮಾಡು, ಎನ್ನಲು ಎ, ಓರೆಗೆರೆ;
ಇದೊಂದಕ್ಕೆ ಕರೆಯುವುದೂ ಬೇಡ, ಎಂಟರೂ ಬೇಡ.
ಎಷ್ಟು ಸಲ ಒತ್ತಿದೆನೋ. ಎಂಗೇಜು. ಎಂಗೇಜು.

ಮರುರಾತ್ರಿ ಒಂದೇ ರಿಂಗಿಗೆ ಎತ್ತಿತು.
ಎಸ್ ಸೊನ್ನೆ ಸಮ ಒಂದು:
ಯಾರೂ ಇಲ್ಲದಿದ್ದರೂ ನೀನೇ ಎತ್ತಿಕೊ.
ಆ ಕಡೆಯ ಪೆಟ್ಟಿಗೆಗೆ ಇಷ್ಟು ಕಲಿಸಿ
ಯಾರೋ ದೀಪ ಆರಿಸಿ ಹೋಗಿದ್ದರು.
ಲೆಕ್ಕ ಹೋಯಿತು. ಊಟ ಆಯ್ತಾ, ಎಂದು ಬರೆದೆ.
ಅದೂ ಹೋಗಿರಬೇಕು; ನನಗೆ ಕಾಣುವುದಿಲ್ಲವಲ್ಲ.

ಕಿಣಿಯವರು ಕೊಡೆ ಬಿಡಿಸಿ ಬಾಗಿಲಲ್ಲಿ ನಿಂತಿದ್ದರು.
ಸುಮ್ಮನಿದ್ದೆ.
ಮೂರು ಪ್ಲಸ್ಸು ಒತ್ತಿದೆ.
ಸುಮ್ಮನಿದ್ದೆ.
ಓಕೆ, ಎಂದಿತು ಪೆಟ್ಟಿಗೆ.
ಇನ್ನು ಕಡಿಯುವುದಕ್ಕೆ ಎ, ಟಿ, ಎಚ್.
ಎ ಒತ್ತಿದೆ, ಟಿ ಒತ್ತಿದೆ.
ನಿಮಿಷಕ್ಕೆ ಅರವತ್ತು ಪದದ ವೇಗದವಳು ನಾನು,
ಎಚ್ ಎಲ್ಲಿದೆ ಎಂದು ಕೀಲಿಮಣೆಯಲ್ಲಿ ಹುಡುಕಿದೆ.