ಮೂರನೆಯ ಕಾಲು

ಓಮ್ನಿಯ ಡ್ಯಾಶ್‌ಬೋರ್ಡಿನಡಿ ಅಂಗಾತ ಬಿದ್ದಿದ್ದೇನೆ.
ಪಿ.ಬಿ. ರಸ್ತೆಯ ಲಾರಿಗಳೆಲ್ಲ ನನ್ನ ಬೆನ್ನೊಳಗೇ ಹಾಯುತ್ತವೆ.
ಹಲ್ಲಲ್ಲಿ ಟೇಪಿನ ತುಂಡು, ಭುಜದ ಕೆಳಗೆ
ಶಾಲೆ ಮಕ್ಕಳು ಚೆಲ್ಲಿದ ಮಂಡಕ್ಕಿ, ಪುಡಿಪುಡಿ.

‘ಒಳಗ ದೀಪ ಇರೋ ಸ್ವಿಚ್ಚೇ ಬೇಕು’ ಅಂದಿದ್ದ ಚಮನ್‌ಸಾಬ.
ಅರವತ್ತು ದಾಟಿದ ಮೇಲೆ ಇದೆಂಥ ಶೋಕಿ
ಅಂತ ನಕ್ಕೆ.
ಅವನು ನಗಲಿಲ್ಲ. ಕೇಳಿಸಿರಲಿಲ್ಲ.

ಇಪ್ಪತ್ತೆರಡು ವರ್ಷ ಮಗ್ಗದ ಮುಂದೆ ನಿಂತವನು;
ಮಿಲ್ಲು ಮುಚ್ಚಿತು, ಮಗ್ಗ ಗುಜರಿಗೆ ಹೋಯಿತು,
ಸದ್ದು ಮಾತ್ರ ಇವನ ಕಿವಿಯಲ್ಲೇ ಉಳಿಯಿತು.
ಸ್ವಿಚ್ಚಿನ ‘ಟಕ್’ ಅದರೊಳಗೆ ನುಸುಳದು.
ಮೊನ್ನೆ, ಮಕ್ಕಳಿಗೆಂದು ಹಾಕಿಸಿದ ಫ್ಯಾನು
ರಾತ್ರಿಯಿಡೀ ತಿರುಗಿತ್ತಂತೆ, ಖಾಲಿ ಸೀಟುಗಳಿಗೆ.
ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು.

ಒಂದು ಕಾಲು ಫ್ಯೂಸಿಗೆ, ಒಂದು ಫ್ಯಾನಿಗೆ,
ಹಿತ್ತಾಳೆಯದು ಗಾಡಿಯ ಮೈಗೆ.
ಈ ಮೂರನೆಯದನ್ನು ಮರೆತರೆ ಫ್ಯಾನೇನೋ ತಿರುಗುತ್ತದೆ,
ದೀಪ ಹತ್ತುವುದಿಲ್ಲ.
ಬಣ್ಣ ಕೆರೆದು ಸ್ಕ್ರೂ ಬಿಗಿದೆ.

ಒತ್ತಿದ.
ಹೆಬ್ಬೆರಳಿನ ಉಗುರು ಕಿತ್ತಳೆಯಾಯಿತು.
ಆರಿಸಿದ. ಮತ್ತೆ ಒತ್ತಿದ. ಮತ್ತೆ.
‘ಈಗ ಕೇಳ್ತೈತಿ ನೋಡು!’
ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬು ಬಿಟ್ಟು
ಇತ್ತ ತಿರುಗುವಷ್ಟು ಜೋರಾಗಿ.