ಮೇಲಿನ ಮನೆಯ ಹಳಿ

ಮೊದಲ ದಿನ ಇಲಿಯೆಂದುಕೊಂಡೆ.
ಸೋಲ್ನೋಕಿನ ಈ ಕಾಂಕ್ರೀಟು ಗೂಡುಗಳಲ್ಲಿ
ಒಬ್ಬರ ಕೆಮ್ಮು ಇನ್ನೊಬ್ಬರ ಗಂಟಲಿಗೆ ಬರುತ್ತದೆ;
ನಾನೋ ಇರುಳಿಡೀ ಬೇಕರಿಯಲ್ಲಿ ಹಿಟ್ಟು ನಾದಿ
ಬೆಳಿಗ್ಗೆ ಏಳಕ್ಕೆ ಪರದೆ ಎಳೆದು ಮಲಗುವವಳು.
ಹತ್ತಕ್ಕೆ ಶುರು: ಗರ್ರ್, ಚಾವಣಿಯ ಮೂಲೆಯಿಂದ ಮೂಲೆಗೆ,
ತಿರುವಿನಲ್ಲೊಂದು ಕಿರ್ರು, ಮತ್ತೆ ಗರ್ರ್.

ಪೊರಕೆಯ ಹಿಡಿಯಿಂದ ಕುಟ್ಟಿದೆ.
ನಿಂತಿತು. ಐದು ನಿಮಿಷಕ್ಕೆ ಬಾಗಿಲಲ್ಲಿ
ಐದನೇ ಮಹಡಿಯ ದೆಜೋ, ಕೈಯಲ್ಲಿ ಟೋಪಿ,
ಮೂವತ್ತೆಂಟು ವರ್ಷ ಹಳಿಯುದ್ದಕ್ಕೂ ನಡೆದ ಕಾಲು,
ಚಪ್ಪಲಿಯೊಳಗೆ ಬೆರಳೊಂದು ಕಮ್ಮಿ.
"ಎಷ್ಟು ಕೇಳಿಸುತ್ತದೆ?" ಅಂದ.
ಕ್ಷಮೆಯಲ್ಲ, ಅಳತೆ.

ಹೀಗೆ ನಾನು ಅವನ ಕಿವಿಯಾದೆ.

ಮೊಳೆಗಳನ್ನೆಲ್ಲ ಕಿತ್ತ ದಿನ ಇಳಿದು ಬಂದ:
"ಮೊಳೆ ಹಲಗೆಗೆ ಚಾಡಿ ಹೇಳುತ್ತದೆ, ಎಟೆಲ್ಕಾ,
ಹಲಗೆ ಗೋಡೆಗೆ, ಗೋಡೆ ನಿನಗೆ."
ಬೆಂಡಿನ ಹಾಸು ಹಾಸಿದ; ಗರ್ರ್ ಹೋಗಿ ಗುರ್ರ್ ಆಯಿತು.
ಹಲಗೆಯ ಕಾಲಿಗೆ ಹಳೆ ಕಂಬಳಿಯ ತುಂಡು ಕೊಟ್ಟ;
ಬೆಕ್ಕು ಉಸಿರಾಡಿದ ಹಾಗಾಯಿತು.
ಮಲಗಿದಲ್ಲಿಂದಲೇ ಚೀಟಿ ಬರೆಯುತ್ತಿದ್ದೆ:
ಮಂಗಳವಾರ, ಕಿಟಕಿಯ ಕಡೆ, ಒಂದು ಜೇನಿನಷ್ಟು.
ಬಾಗಿಲಿಗೆ ಸಿಕ್ಕಿಸಿದರೆ ಸಂಜೆಗೆ ಮಾಯ.

ನವೆಂಬರಿನಲ್ಲಿ ಜಲ್ಲಿ ಸುರಿದ, ಅಲ್ಲಿ ಕೆಟ್ಟಿತು.
ಬಿಳಿ ಅಂಟು ಒಣಗಿ ಕಲ್ಲಾಗಿ
ಮೂರು ವಾರ ಕೂಡಿಟ್ಟ ಮೌನ ಒಂದೇ ಬೆಳಿಗ್ಗೆ ಕುಸಿದು
ಮತ್ತದೇ ಗರ್ರ್, ಮೊದಲಿಗಿಂತ ಜೋರು.
ಚೀಟಿ ಬರೆಯಲಿಲ್ಲ ನಾನು. ಹೇಗೆ ಬರೆಯಲಿ?
ಆದರೂ ಬಂದ, ಅರೆಬೆಂದ ಬ್ರೆಡ್ಡಿನಂಥ ಮುಖ ಹೊತ್ತು:
"ನನಗೂ ಕೇಳಿಸಿತು. ಅಂಗಾಲಿಗೆ."

ಬಿಸಿನೀರು ಬಿಟ್ಟು, ಚಮಚದಲ್ಲಿ ಕೆರೆದು,
ಹನ್ನೊಂದು ಮೀಟರು ಹಳಿ ಬಿಡಿಸಿದನಂತೆ.
ಈ ಸಲ ರಬ್ಬರು ಹಾಲಿನ ಅಂಟು, ಒಣಗಿದರೂ ಬಾಗುವಂಥದ್ದು;
ಜಲ್ಲಿಗೆ ಮೊದಲು ಸೋಪು ಹನಿಸಿದ ನೀರಿನ ತುಂತುರು,
ಇಲ್ಲವಾದರೆ ಅಂಟು ಮಣಿಯಾಗಿ ಉರುಳಿಹೋಗುತ್ತದೆ...
ಇದನ್ನೆಲ್ಲ ನನಗೇಕೆ ಹೇಳಿದನೋ.
ನಾನು ಯೀಸ್ಟಿನ ಬಗ್ಗೆ ಹೇಳಿದೆ.

ಆಮೇಲೆ ಸೋಮವಾರ ಸದ್ದಿಲ್ಲ. ಒಳ್ಳೆಯ ನಿದ್ದೆ.
ಬುಧವಾರವೂ ಇಲ್ಲ.
ಗುರುವಾರ ಹತ್ತಕ್ಕೆ ತಾನಾಗಿ ಎಚ್ಚರವಾಗಿ
ಚಾವಣಿ ನೋಡುತ್ತ ಬಿದ್ದುಕೊಂಡೆ:
ಎಂಬತ್ತೊಂದು ವಯಸ್ಸು. ಅಂಗಳದಲ್ಲಿ ಹೆಪ್ಪುಗಟ್ಟಿದ ಹಿಮ.
ಹಾಲು ತರಲು ಇಳಿದದ್ದನ್ನೂ ಕಂಡಿಲ್ಲ.
ಮಲಗುವ ಅಂಗಿಯ ಮೇಲೇ ಕೋಟು ಎಳೆದುಕೊಂಡು
ಮೆಟ್ಟಿಲು ಹತ್ತಿದೆ, ಎರಡೆರಡು.

ಬಾಗಿಲು ತೆರೆದವನು ತುಟಿಗೆ ಬೆರಳಿಟ್ಟ:
"ಶ್. ಓಡುತ್ತಿದೆ."

ಓಡುತ್ತಿತ್ತು.
ಕಡ್ಡಿಪೆಟ್ಟಿಗೆಯುದ್ದದ ಡಬ್ಬಿಗಳು, ನೆರಳು ಸರಿದ ಹಾಗೆ.
ಕಡ್ಡಿಗಿಂತ ಸಣ್ಣ ಸ್ಲೀಪರುಗಳು, ಒಂದೊಂದರ ಬೂದಿಬಣ್ಣ ಬೇರೆ;
ಹಳಿಯ ಪಕ್ಕೆಗೆ ತುಕ್ಕು, ನೆತ್ತಿ ಮಾತ್ರ ಬೆಳ್ಳಗೆ,
ಇಂಜಿನ್ನು ನಿಲ್ಲುವಲ್ಲಿ ಎಣ್ಣೆಯ ಕಲೆ.
ಜಲ್ಲಿಯೆಂದರೆ ತಿಸಾ ದಂಡೆಯ ಮರಳು, ಜರಡಿ ಹಿಡಿದದ್ದು.
ಜರಡಿ ನನ್ನದು. ಅಕ್ಟೋಬರಿನಲ್ಲಿ ಒಯ್ದವನು ಇನ್ನೂ ಕೊಟ್ಟಿಲ್ಲ.
ಒಂದು ಕಡೆ ಮಾತ್ರ ಹಳಿ ತುಸು ತಗ್ಗಿದೆ; ತೋರಿಸಿದೆ.
"ಅಲ್ಲಿ ಯಾವಾಗಲೂ ಕುಸಿಯುತ್ತಿತ್ತು" ಅಂದ.
ಎಲ್ಲಿ ಎಂದು ಕೇಳಲಿಲ್ಲ.

"ಏನಾಗಬೇಕಿತ್ತು?"
"ಏನೂ ಕೇಳಿಸಲಿಲ್ಲ" ಅಂದೆ.
ಮುಖ ಊರಗಲ ಅರಳಿತು. ಆಮೇಲೆ
ನನ್ನ ಕೋಟು ನೋಡಿದ, ಬರಿಗಾಲು ನೋಡಿದ,
ಅರಳಿದ್ದು ನಿಧಾನಕ್ಕೆ ಇಳಿಯಿತು.

ಮರುದಿನ ಗರಗಸದ ಸದ್ದು. ಎರಡೇ ಎಳೆತ.

ಈಗ ಸೇತುವೆಯ ಬಳಿ, ಸರಿಯಾಗಿ ನನ್ನ ಅಡುಗೆಮನೆಯ ಮೇಲೆ,
ಹಳಿಯಲ್ಲೊಂದು ಕೂದಲಗಲದ ಬಿರುಕಿದೆ.
ಸಂಜೆ ನಾಲ್ಕಕ್ಕೆ, ನಾನೆದ್ದು ಕಾಫಿಗೆ ನೀರಿಡುವಾಗ,
ಟಕ್-ಟಕ್.
ನಿನ್ನೆ ನಾಲ್ಕೂ ಆರು ನಿಮಿಷವಾಯಿತು.
ಪೊರಕೆ ತಿರುಗಿಸಿ ಒಮ್ಮೆ ಕುಟ್ಟಿದೆ:
ತಡ.