ಷರಾ

ಹೆಬ್ಬಾಳದಲ್ಲಿ ಬಸ್ಸಿಳಿದು, ಫ್ಲೈಓವರ್ ಸದ್ದನ್ನು
ಚಪ್ಪಲಿಯ ಜೊತೆ ಬಾಗಿಲಾಚೆಯೇ ಬಿಟ್ಟು
ಒಳಗೆ ಬರುತ್ತೇನೆ. ಇಲ್ಲಿ ತಂಪು.
ಒದ್ದೆ ಕಾಗದದ ವಾಸನೆ.

ಮೂರು ಪಾತಿಯ ರಾಗಿ.
ಒಂದಕ್ಕೆ ಏನೂ ಹಾಕಿಲ್ಲ.
ಒಂದಕ್ಕೆ ಯೂರಿಯಾ, ಕೈ ಸೋಲುವಷ್ಟು.
ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಮೇಲೊಂದಿಷ್ಟು
ಅಳೆದು ಕೊಟ್ಟ ರಂಜಕ, ಪೊಟ್ಯಾಷ್.
ಚೀಲದ ಮೇಲೆ ಬರೀ ಅಂಕಿ,
ನಾನು ಯಾರ ಪಕ್ಷವನ್ನೂ ವಹಿಸದಿರಲೆಂದು.
ಆದರೂ ಗೊತ್ತು. ಗೊಬ್ಬರ ಹೊತ್ತ ದೊಡ್ಡಮುನಿಯಪ್ಪ
ದಿನಾ ಕಿಟಕಿಗೆ ಬಂದು ಮೂರನೇ ಚೀಲವನ್ನೇ ನೋಡುತ್ತಾನೆ:
‘ಏನಕ್ಕಾ, ನಮ್ ಪಾತಿ ಪಾಸಾಯ್ತಾ?’

ಚಿಮಟದಲ್ಲಿ ಹೆಕ್ಕಿ ನೂರು, ಮತ್ತೆ ನೂರು.
ಜೋರಾಗಿ ಉಸಿರು ಬಿಟ್ಟರೆ ಲೆಕ್ಕ ತಪ್ಪುತ್ತದೆ.
ಒಮ್ಮೆ ಸೀನಿ ಇಡೀ ಮಧ್ಯಾಹ್ನ ಕಳೆದುಕೊಂಡಿದ್ದೆ.

ಎಂಟನೆಯ ದಿನ ಕಾಗದದ ಸುರುಳಿ ಬಿಚ್ಚಿದರೆ
ತೊಂಬತ್ತಾರು, ತೊಂಬತ್ತೈದು, ತೊಂಬತ್ತಾರು.
ಇಲ್ಲಿಗೇ ನಿಲ್ಲಿಸಿದರೆ
ಮೂರೂ ಒಂದೇ ತಾಯಿಯ ಮಕ್ಕಳು.

ನಿಲ್ಲಿಸುವುದಿಲ್ಲ.
ಒಂದಷ್ಟನ್ನು ಹಬೆಯ ಪೆಟ್ಟಿಗೆಯಲ್ಲಿಟ್ಟು
ಮೂರೇ ದಿನದಲ್ಲಿ ಮುದಿ ಮಾಡುತ್ತೇನೆ.
(ಗಾಜಿನಲ್ಲಿ ನನ್ನ ಮುಖವೂ ಬೆವರುತ್ತದೆ.)
ಇನ್ನೊಂದಷ್ಟನ್ನು ರಾತ್ರಿಯೆಲ್ಲ ನೆನೆಹಾಕಿ
ಬೆಳಿಗ್ಗೆ ಆ ನೀರಿಗೆ ಮೀಟರು ಅದ್ದುತ್ತೇನೆ.
ಗಟ್ಟಿ ಕಾಳು ತನ್ನ ಉಪ್ಪನ್ನು ತಾನೇ ಇಟ್ಟುಕೊಳ್ಳುತ್ತದೆ.
ಸೋತದ್ದು ನೀರಿಗೆಲ್ಲ ಹೇಳಿಬಿಡುತ್ತದೆ.

ಹೇಳಿತು.
ಯೂರಿಯಾ ಕುಡಿದು ಕೊಬ್ಬಿ, ಗಾಳಿಗೆ ಮಲಗಿ,
ಫೋಟೋದಲ್ಲಿ ಎಲ್ಲರಿಗಿಂತ ಹಸಿರಾಗಿದ್ದ ಪಾತಿ
ಹಬೆಯಿಂದ ಹೊರಬಂದಾಗ ಐವತ್ತೆಂಟು.
ಏನೂ ತಿನ್ನದ ಬಡಕಲು ಅರವತ್ತು.
ಎರಡು ಸಲ ಎಣಿಸಿದೆ, ನಂಬಿಕೆ ಬರದೆ.
ಮೂರನೆಯದು ಎಂಬತ್ತೊಂದು.

‘ಪಾಸು’ ಎಂದೆ ಕಿಟಕಿಯಲ್ಲಿ.
ಅವನು ನಗಲಿಲ್ಲ. ‘ಮಿಕ್ಕ ಹತ್ತೊಂಬತ್ತು?’

ಒಳಗೆ ಕರೆದು ತೋರಿಸಿದೆ:
ಬೇರಿಲ್ಲದವು, ತಿರುಚಿದವು,
ನೀರು ಕುಡಿದು ಸುಮ್ಮನೆ ಕೂತವು.
ತಲೆಯ ಮೇಲೊಂದು ವಿಮಾನ ಇಳಿಯುತ್ತ
ಗಾಜಿನ ತಟ್ಟೆಗಳನ್ನು ನಡುಗಿಸಿತು.
ಅವನು ಬಾಗಿ ಬಹಳ ಹೊತ್ತು ನೋಡಿದ,
ಮದುವೆಯೂಟಕ್ಕೆ ಯಾರು ಬರಲಿಲ್ಲವೆಂದು ನೋಡುವ ಹಾಗೆ.
‘ಆ ಬೇಲಿ ಮೂಲೆಗೆ ಒಂದು ಬುಟ್ಟಿ ಸಾಲಲಿಲ್ಲ ಕಣಕ್ಕಾ.
ಅವತ್ತು ಟ್ರ್ಯಾಕ್ಟರ್ ಮತ್ತೆ ಬರಲಿಲ್ಲ.’

ಬೆರೆಸಿದ ಚೀಲದಲ್ಲಿ ಮೂಲೆಯ ಕಾಳು ಯಾವುದೆಂದು
ಯಾವ ಮೀಟರೂ ಹೇಳದು. ಹಾಗೆನ್ನಲು ಹೊರಟು
ಸುಮ್ಮನಾದೆ.

ನಮೂನೆಯಲ್ಲಿ ಸಹಜ, ಅಸಹಜ, ಸತ್ತದ್ದು ಎಂಬ
ಅಂಕಣಗಳಿವೆ. ಕೊನೆಯಲ್ಲಿ ‘ಷರಾ’,
ಹದಿನಾಲ್ಕು ವರ್ಷದಿಂದ ಅಡ್ಡಗೆರೆ ಎಳೆಯುವ ಜಾಗ.
ಅಲ್ಲಿ ಪೆನ್ಸಿಲಿನಲ್ಲಿ ಬರೆದೆ:
ಬೇಲಿ ಮೂಲೆ, ಒಂದು ಬುಟ್ಟಿ ಕಡಿಮೆ.